ಕಿಲುಬು ಕಾಸಿನ ಮೂರು ಗುಡ್ಡೆ

“ಗುರುಗಳೇ, ನ್ಯಾಯ ಕೇಳುವ ಮೊದಲು ನಮ್ಮನ್ನು ನಾವು ತಿದ್ದಿಕೊಂಡರೆ ತಪ್ಪೇನು?”

ಹುಲುಗಪ್ಪ ಹೀಗೆ ಕೇಳಿದ್ದು ಊರ ಹೊರಗಿನ ಪಾಳು ಮಂಟಪದ ಕಟ್ಟೆಯ ಮೇಲೆ ಕುಳಿತು. ಗುರು ಇರುತ್ತಿದ್ದದ್ದು ಅಲ್ಲಿಯೇ. ಕೇರಿಯ ಮಕ್ಕಳಿಗೆ ಅಲ್ಲಿಯೇ ಅಕ್ಷರ ಹೇಳಿಕೊಡುತ್ತಿದ್ದರು. ಹುಲುಗಪ್ಪ ಓದು ಕಲಿತದ್ದೂ ಆ ಕಟ್ಟೆಯ ಮೇಲೆಯೇ. ಈಗ ಕೇರಿಯ ಪರವಾಗಿ ಎಲ್ಲಿ ಮಾತನಾಡಬೇಕಾದರೂ ಜನ ಅವನನ್ನೇ ಮುಂದೆ ಮಾಡುತ್ತಿದ್ದರು.

ಇದನ್ನು ಈಗ ಯಾಕೆ ಕೇಳುತ್ತಿದ್ದೀಯ ಎಂದು ಗುರು ವಿಚಾರಿಸಿದರು. ಹುಲುಗಪ್ಪ ಹೇಳಿದ. ಕೇರಿಗೆ ನಲ್ಲಿ ಬೇಕು. ಊರೊಳಗಿನ ಎಲ್ಲ ಬೀದಿಗಳಿಗೂ ನಲ್ಲಿ ಬಂದು ಬಹಳ ಕಾಲವಾಯಿತು. ಪೈಪು ಕೇರಿಯ ತಿರುವಿನವರೆಗೆ ಬಂದು ಅಲ್ಲೇ ನಿಂತಿದೆ. ಕಳೆದ ಸಲ ಕೇರಿಯವರೆಲ್ಲ ಪಂಚಾಯಿತಿ ಕಚೇರಿಗೆ ಹೋದಾಗ ಅಧ್ಯಕ್ಷ ಮೂಗಿಗೆ ಟವೆಲು ಹಿಡಿದುಕೊಂಡ. ಮೊದಲು ಮೈ ತೊಳೆದುಕೊಂಡು ಮನುಷ್ಯರ ಹಾಗೆ ಬನ್ನಿ, ಆಮೇಲೆ ಮಾತು ಎಂದು ಹೊರಗೆ ಕಳಿಸಿದ. ಹುಲುಗಪ್ಪನಿಗೆ ಅವತ್ತು ಅವಮಾನವಾಯಿತು. ಆದರೆ ಆಮೇಲೆ ಯೋಚಿಸಿದಷ್ಟೂ, ಅಧ್ಯಕ್ಷ ಹೇಳಿದ್ದರಲ್ಲಿ ಏನೋ ಅರ್ಥವಿದೆ ಎಂದು ತೋರತೊಡಗಿತು.

ನಾಳೆ ಮತ್ತೆ ಕಚೇರಿಗೆ ಹೋಗಬೇಕು. ಅದಕ್ಕಾಗಿ ಅವನು ಕೇರಿಯ ಜನರನ್ನು ಮೂರು ಭಾಗ ಮಾಡಿದ್ದ. ಇಸ್ತ್ರಿ ಮಾಡಿದ ಬಟ್ಟೆ ಇದ್ದು, ನೆಟ್ಟಗೆ ಮಾತಾಡಬಲ್ಲವರು ಅವನ ಜೊತೆ ಒಳಗೆ ಬರಬೇಕು. ಬಟ್ಟೆ ಪರವಾಗಿಲ್ಲ, ಬಾಯಿ ಒರಟು ಎನ್ನುವವರು ಗೇಟಿನ ಹೊರಗೆ ನಿಲ್ಲಬೇಕು. ತೊಗಲು ಹದ ಮಾಡುವ ಹೊಂಡದಲ್ಲಿ ಇಳಿಯುವವರು ಮನೆಯಲ್ಲೇ ಇರಬೇಕು. ಅವರ ಮೈಯ ವಾಸನೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಉಳಿದವರಿಗೆಲ್ಲ ಅವನು ತನ್ನ ಕೈಯಿಂದಲೇ ದುಡ್ಡು ಹಾಕಿ ಸೋಪು ಹಂಚಿ ಬಂದಿದ್ದ.

ಗುರುವಿಗೆ ರೇಗಿತು. ನೀರು ಕೇಳಲು ಬಂದವರಿಗೆ ತೊಳೆದುಕೊಂಡು ಬನ್ನಿ ಎಂದವನ ಮೇಲೆ ರೇಗಿತು. ಆ ಮಾತನ್ನು ತಲೆಯ ಮೇಲೆ ಹೊತ್ತು ತಂದು ನೀರಿಲ್ಲದ ಕೇರಿಯಲ್ಲಿ ಸೋಪು ಹಂಚಿದವನ ಮೇಲೆ ಇನ್ನೂ ಹೆಚ್ಚು ರೇಗಿತು. ಅವರು ಬೈಯಲು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಕೂತುಕೋ, ಒಂದು ಕತೆ ಕೇಳು ಎಂದರು.

ಒಬ್ಬ ಬಾವಿ ತೋಡುವವನಿದ್ದ. ಅವನು ಕೆಳಗೆ ನಿಂತು ಅಗೆಯುತ್ತಿದ್ದ. ಅವನ ಹೆಂಡತಿ ಅಗೆದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಇಳಿಜಾರು ಹತ್ತಿ ಮೇಲೆ ಸುರಿಯುತ್ತಿದ್ದಳು. ಆ ಕೆಲಸಕ್ಕೆ ಬೇರೆಯವರ ಬಳಿ ಕತ್ತೆಗಳಿದ್ದವು. ಇವರ ಬಳಿ ಇರಲಿಲ್ಲ. ಹೊತ್ತು ಹೊತ್ತು ಹೆಂಡತಿಯ ಕುತ್ತಿಗೆ ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಪಕ್ಕಕ್ಕೆ ನೋಡಬೇಕಾದರೆ ಅವಳು ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಇನ್ನು ತಲೆಯ ಮೇಲೆ ಭಾರ ಇಟ್ಟರೆ ನಿನ್ನ ಕೈಗಳೂ ಬಿದ್ದುಹೋಗುತ್ತವೆ ಎಂದು ನಾಟಿ ವೈದ್ಯ ಹೇಳಿದ್ದ. ಅವರಿಗೆ ಎರಡು ಕತ್ತೆ ಬೇಕಿತ್ತು. ಅದಕ್ಕಿಂತ ಹೆಚ್ಚಿನದು ಏನೂ ಬೇಕಿರಲಿಲ್ಲ.

ಒಬ್ಬ ಜಮೀನುದಾರನ ಹೊಲದಲ್ಲಿ ಅಗೆಯುವಾಗ ಹಾರೆ ಒಂದು ಮಡಕೆಗೆ ತಾಗಿತು. ಚಿನ್ನ ಸಿಕ್ಕಿತೆಂದು ಜಮೀನುದಾರ ಚಪ್ಪಲಿ ಬಿಟ್ಟು ಓಡಿ ಬಂದ. ಒಡೆದ ಮಡಕೆಯೊಳಗೆ ಇದ್ದದ್ದು ತಾಮ್ರದ ಕಾಸುಗಳು. ಅವಕ್ಕೆ ಹಸಿರು ಕಿಲುಬು ಹತ್ತಿತ್ತು. ಜಮೀನುದಾರ ಅವನ್ನು ಕಾಲಿನಿಂದ ತಳ್ಳಿ, ಈ ವಾರದ ನಿನ್ನ ಕೂಲಿಗೆ ಇದನ್ನೇ ಇಟ್ಟುಕೋ ಎಂದು ಹೋದ. ಹೀಗೆ ಆ ಕಾಸುಗಳು ಬಾವಿ ತೋಡುವವನ ಪಾಲಿಗೆ ಬಂದವು.

“ಬಿಟ್ಟಿ ಸಿಕ್ಕಿದ್ದಲ್ಲ. ಮೈಮುರಿದು ದುಡಿದ ಕೂಲಿ ಅದು. ಅದನ್ನು ಮರೆಯಬೇಡ” ಎಂದರು ಗುರು. ಹುಲುಗಪ್ಪ ತಲೆಯಾಡಿಸಿದ.

ಮನೆಗೆ ಬಂದು ಗಂಡ ಕಾಸುಗಳನ್ನು ನೆಲದ ಮೇಲೆ ಸುರಿದುಕೊಂಡು ಕುಳಿತ. ಮಾರುವ ಮೊದಲು ಅವುಗಳ ಸ್ಥಿತಿ ಏನು ಎಂದು ತಿಳಿಯಬೇಕಲ್ಲ. ಕಾಸಿನ ಒಂದು ಮುಖದಲ್ಲಿ ಆನೆ ಇತ್ತು, ಇನ್ನೊಂದು ಮುಖದಲ್ಲಿ ಅಡ್ಡ ಗೆರೆಗಳಿದ್ದವು. ಅವನು ಒಂದೊಂದನ್ನೇ ಬೆಳಕಿಗೆ ಹಿಡಿದು ಮೂರು ಗುಡ್ಡೆ ಮಾಡಿದ. ಸೊಂಡಿಲಿನಿಂದ ಬಾಲದವರೆಗೆ ಆನೆ ಕಾಣುವವು ಮೊದಲನೆಯ ಗುಡ್ಡೆ. ಹೊಟ್ಟೆಯೋ ಕಾಲೋ ಮಾತ್ರ ಕಾಣುವವು ಎರಡನೆಯ ಗುಡ್ಡೆ. ಏನೂ ಕಾಣದೆ ಬರೀ ಹಸಿರು ಬಿಲ್ಲೆಗಳಂತೆ ಇರುವವು ಮೂರನೆಯ ಗುಡ್ಡೆ. ಹೆಂಡತಿ ಒಲೆಯ ಮುಂದೆ ಕುಳಿತು ನೋಡುತ್ತಿದ್ದಳು. ಒಂದು ಮಡಕೆ ಆನೆ ಕೊಟ್ಟು ಎರಡು ಕತ್ತೆ ತರುವುದಕ್ಕೆ ಇಷ್ಟೊಂದು ಪರೀಕ್ಷೆಯೇ ಎಂದು ಹಂಗಿಸಿದಳು.

ಒಂದು ಕಾಸಿಗೆ ಹಾರೆಯ ತುದಿ ತಾಗಿ ಅಂಚು ಸೀಳಿತ್ತು. ಆನೆಯ ಬಾಲದ ಹತ್ತಿರ ಮೂಲೆ ಮುರಿದ ಬಾಗಿಲಿನಂಥ ಗಾಯ. ಇದನ್ನು ಯಾರು ಕೊಳ್ಳುತ್ತಾರೆ ಎಂದು ಗಂಡ ಎಸೆಯಲು ಹೋದ. ಹೆಂಡತಿ ಬಿಡಲಿಲ್ಲ. ಹಾರೆಯ ಏಟಿಗೂ ತುಂಡಾಗದೆ ಉಳಿದದ್ದು ಇದೊಂದೇ ಎಂದು ಅದನ್ನು ಮೂರನೆಯ ಗುಡ್ಡೆಗೆ ಹಾಕಿದಳು.

ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಹಳೆಯ ಪಾತ್ರೆ, ಹಳೆಯ ದೀಪ, ಹಳೆಯ ಕಾಸು ಕೊಂಡು ಪಟ್ಟಣದ ಶೋಕಿಯವರಿಗೆ ಮಾರುತ್ತಿದ್ದ. ಬಾವಿ ತೋಡುವವ ಮೂರು ಗುಡ್ಡೆಯನ್ನೂ ಮೂರು ಗಂಟು ಕಟ್ಟಿಕೊಂಡು ಹೋಗಿ ಅಂಗಡಿಯ ಮೆಟ್ಟಿಲ ಕೆಳಗೆ ನಿಂತ. ವರ್ತಕ ಅಲ್ಲೇ ಗಂಟು ಬಿಚ್ಚಿಸಿದ. ಒಂದು ಕಾಸನ್ನು ಉಗುರಿನಿಂದ ಕೆರೆದ. ಇನ್ನೊಂದನ್ನು ಕಲ್ಲಿನ ಮೇಲೆ ಬೀಳಿಸಿ ಕಿವಿಗೊಟ್ಟ. ಸದ್ದು ಸತ್ತಿದೆ ಎಂದ. ಮೈತುಂಬ ಕಿಲುಬು, ಒಳಗೆ ಆನೆ ಇದೆಯೋ ಇಲಿ ಇದೆಯೋ, ಕಾಣದ್ದಕ್ಕೆ ಬೆಲೆ ಹೇಗೆ ಕಟ್ಟಲಿ ಎಂದ. ಈಗ ಕೊಟ್ಟರೆ ಗುಜರಿ ತಾಮ್ರದ ತೂಕಕ್ಕೆ ಕೊಳ್ಳುತ್ತೇನೆ, ತೊಳೆದು ತಂದರೆ ನೋಡೋಣ ಎಂದ. ಇವನು ಹೊರಟಾಗ, ಮಾದರಿಗೆ ಒಂದು ಇಲ್ಲಿರಲಿ ಎಂದು ಮೂರನೆಯ ಗಂಟಿನಿಂದ ಒಂದು ಕಾಸನ್ನು ಎತ್ತಿಟ್ಟುಕೊಂಡ. ಅಂಚು ಸೀಳಿದ ಕಾಸು ಅದು. ಕೆಲಸಕ್ಕೆ ಬಾರದ್ದನ್ನು ಎತ್ತಿಕೊಂಡನಲ್ಲ, ಒಳ್ಳೆಯ ಮನುಷ್ಯ ಎಂದುಕೊಂಡು ಬಾವಿ ತೋಡುವವ ಕೈಮುಗಿದು ಬಂದ.

ಗಂಡ ಹೆಂಡತಿ ಕಾಸು ತೊಳೆಯಲು ಕುಳಿತರು. ಅವರಿಗೆ ಗೊತ್ತಿದ್ದದ್ದು ತಾಮ್ರದ ಬಿಂದಿಗೆ ತೊಳೆಯುವ ಬಗೆ. ಹುಣಸೆಹಣ್ಣು, ಉಪ್ಪು, ಒಲೆಯ ಬೂದಿ, ತೆಂಗಿನ ನಾರು. ಹಬ್ಬಕ್ಕೆ ಬಿಂದಿಗೆಯನ್ನು ಹೇಗೆ ಬೆಳಗುತ್ತಾರೋ ಹಾಗೆ ಒಂದೊಂದು ಕಾಸನ್ನೂ ಬೆಳಗಿದರು. ಬೂದಿ ಸಾಲದೆ ಇಟ್ಟಿಗೆಯ ಪುಡಿ ಹಾಕಿ ತಿಕ್ಕಿದರು. ಹುಣಸೆಯ ಹುಳಿ ಹೆಂಡತಿಯ ಅಂಗೈಯ ಸೀಳುಗಳಿಗೆ ಇಳಿದು ಉರಿಯಿತು. ಅವಳು ಅಂಗೈಗೆ ಗಾಳಿ ಊದಿಕೊಳ್ಳುತ್ತಲೇ ತಿಕ್ಕಿದಳು. ಕೊನೆಗೆ ಕಾಸುಗಳು ಮಂಗಳವಾರದ ದೀಪದ ಹಾಗೆ ಹೊಳೆದವು. ಆನೆಯ ಕಣ್ಣು ಅಳಿಸಿತು. ಸೊಂಡಿಲು ಸವೆಯಿತು. ಹೊಳಪಿನಲ್ಲಿ ಅದು ಅವರ ಗಮನಕ್ಕೆ ಬರಲಿಲ್ಲ. ಕಾಸು ಶುದ್ಧವಾಯಿತು ಎಂದು ಗಂಡ ಹಿಗ್ಗಿದ.

ಎರಡನೆಯ ಸಲ ಹೋದಾಗ ವರ್ತಕ ಹಣೆ ಬಡಿದುಕೊಂಡ.

“ಯಾರು ಮಾರಾಯ ನಿನಗೆ ಹೀಗೆ ಉಜ್ಜು ಅಂದವರು?”

“ತೊಳೆದುಕೊಂಡು ಬಾ ಅಂದಿರಲ್ಲ ಸಾವುಕಾರ್ರೇ.”

“ತೊಳಿ ಅಂದೆ. ಉಜ್ಜು ಅಂದೆನಾ? ಕಿಲುಬೇ ಹೋದ ಮೇಲೆ ಇದು ಹಳೆಯದು ಅಂತ ಯಾರು ನಂಬುತ್ತಾರೆ? ನಿನ್ನೆ ಕಂಚುಗಾರ ಬಡಿದು ಕೊಟ್ಟ ಹಾಗಿದೆ.”

ಈಗಲೂ ಅವನು ಹೇಳಿದ ಬೆಲೆ ಅದೇ. ಗುಜರಿ ತಾಮ್ರದ ತೂಕ. ಹುಲುಗಪ್ಪಾ, ಇಲ್ಲಿ ಸ್ವಲ್ಪ ನಿಂತು ನೋಡು ಎಂದರು ಗುರು. ಕಿಲುಬು ಇದ್ದಾಗ ಕಿಲುಬಿನ ನೆಪ. ಕಿಲುಬು ಹೋದಾಗ ಹೊಳಪಿನ ನೆಪ. ನೆಪ ಬದಲಾಯಿತು, ಬೆಲೆ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಇಷ್ಟು ಕಂಡ ಮೇಲೆ ಯಾವನಿಗಾದರೂ ಸಿಟ್ಟು ಬರಬೇಕು. ಬಾವಿ ತೋಡುವವನಿಗೂ ಸಿಟ್ಟು ಬಂತು. ಬಂದದ್ದು ವರ್ತಕನ ಮೇಲಲ್ಲ. ಹೆಂಡತಿಯ ಮೇಲೆ. ಇಟ್ಟಿಗೆಯ ಪುಡಿ ಹಾಕಿದವಳು ನೀನೇ, ಮನೆಗೆ ಬರುತ್ತಿದ್ದ ಕತ್ತೆಗಳನ್ನು ಹೊಡೆದೋಡಿಸಿದವಳು ನೀನೇ ಎಂದು ದಾರಿಯುದ್ದಕ್ಕೂ ತನ್ನೊಳಗೇ ಬೈದುಕೊಂಡು ಬಂದ. ಮನೆಯಲ್ಲಿ ಗಟ್ಟಿಯಾಗಿ ಬೈದ. ತಾನು ಪಕ್ಕದಲ್ಲೇ ಕುಳಿತು ಆ ಪುಡಿಯನ್ನು ಕುಟ್ಟಿ ಕೊಟ್ಟದ್ದು ಅವನಿಗೆ ನೆನಪಾಗಲಿಲ್ಲ.

ಅವನು ಮತ್ತೆ ಯೋಚನೆಗೆ ಬಿದ್ದ. ವರ್ತಕನಿಗೆ ಕಿಲುಬು ಬೇಕು. ಸರಿ, ಕಿಲುಬು ಬರಿಸೋಣ. ಹುಳಿ ಮಜ್ಜಿಗೆ ಬಿದ್ದರೆ ತಾಮ್ರ ಹಸಿರಾಗುತ್ತದೆ ಎಂದು ಅಡುಗೆ ಮನೆ ಕಂಡ ಎಲ್ಲರಿಗೂ ಗೊತ್ತು. ಅವನು ನೆರೆಮನೆಗಳಿಂದ ಹುಳಿ ಮಜ್ಜಿಗೆ ಬೇಡಿ ತಂದ. ಅದಕ್ಕೆ ಉಪ್ಪು ಕಲಸಿ ಕಾಸುಗಳನ್ನು ನೆನೆಹಾಕಿದ. ಆಮೇಲೆ ಗೋಣಿಚೀಲದಲ್ಲಿ ಸುತ್ತಿ ತಿಪ್ಪೆಯಲ್ಲಿ ಹೂತ. ದಿನವೂ ಹೋಗಿ ಮುಟ್ಟಿ ನೋಡಿ ಬರುತ್ತಿದ್ದ.

ಹೆಂಡತಿಗೆ ಅಳು ಬಂತು, ನಗುವೂ ಬಂತು. “ಮದುವೆಯಾದ ಹೊಸತರಲ್ಲಿ ಮಜ್ಜಿಗೇನ ತಾಮ್ರದ ಚೊಂಬಿನಲ್ಲಿ ಮರೆತೆ ಅಂತ ನಿಮ್ಮವ್ವ ನನಗೆ ಸೌಟಿನಲ್ಲಿ ಹೊಡೆದಿದ್ದಳು” ಎಂದಳು. “ಈಗ ಅವಳ ಮಗ ಬೇಕು ಅಂತಲೇ ನೆನೆಹಾಕುತ್ತಿದ್ದಾನೆ. ಸೌಟು ಎಲ್ಲಿದೆ?”

ಇದನ್ನು ಕೇಳಿ ಹುಲುಗಪ್ಪ ಜೋರಾಗಿ ನಕ್ಕ. ನಮ್ಮವ್ವನ ನಾಲಿಗೆಯೂ ಹೀಗೇ ಗುರುಗಳೇ ಎಂದ. ಕಳೆದ ಸಲ ಅವ್ವ ತೊಗಲಿನ ಹೊಂಡದಿಂದ ಎದ್ದು ನೇರ ಪಂಚಾಯಿತಿಗೆ ಬಂದಿದ್ದಳು. ಅಧ್ಯಕ್ಷ ಮೂಗಿಗೆ ಟವೆಲು ಹಿಡಿದದ್ದೇ ತಡ, ನೀರು ಕೊಟ್ಟಿದ್ದರೆ ನೀವು ಮೂಗು ಮುಚ್ಚಿಕೊಳ್ಳಬೇಕಿರಲಿಲ್ಲ ಸ್ವಾಮಿ ಎಂದು ಎಲ್ಲರ ಎದುರಿಗೇ ಅಂದುಬಿಟ್ಟಳು. ಅಧ್ಯಕ್ಷನ ಮುಖ ನೋಡಬೇಕಿತ್ತು.

ಗುರು ಅವನನ್ನೇ ನೋಡಿದರು. ಮುಂದೆ ಕೇಳು ಎಂದರು.

ಕಾಸುಗಳಿಗೆ ಕಿಲುಬು ಬಂತು. ಹಸಿ ಸುಣ್ಣ ಬಳಿದ ಹಾಗೆ ಮೇಲೆ ಮೇಲೆ ಬಂತು. ಈ ಸಲ ಹೆಂಡತಿಯೂ ಹೊರಟಳು. ಹಾರೆಯನ್ನು ಕಮ್ಮಾರನ ಬಳಿ ಚೂಪು ಮಾಡಿಸುವುದಿತ್ತು, ಗಂಡ ಅದನ್ನೂ ಹೆಗಲ ಮೇಲೆ ಇಟ್ಟುಕೊಂಡ.

ಅಂಗಡಿಯಲ್ಲಿ ಪಟ್ಟಣದ ಗಿರಾಕಿಯೊಬ್ಬ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಇವರು ಮೆಟ್ಟಿಲ ಕೆಳಗೆ ಕಾದರು. ವರ್ತಕ ಮಖಮಲ್ಲು ಹಾಸಿದ ಸಣ್ಣ ಪೆಟ್ಟಿಗೆ ತೆರೆದು ಒಂದು ಕಾಸನ್ನು ಎರಡು ಬೆರಳಿನಿಂದ ಎತ್ತಿ ಗಿರಾಕಿಗೆ ತೋರಿಸಿದ. ಈ ಹಸಿರನ್ನು ನೋಡಿ ಎಂದ. ಮನುಷ್ಯರ ಕೈ ಸೋಕದ ಕಿಲುಬು. ಇದನ್ನು ತೊಳೆಯುವವನು ಪಾಪಿ. ಅಂಚಿನ ಈ ಗಾಯವನ್ನು ನೋಡಿ. ಆ ಕಾಲದಲ್ಲಿ ಕಾಸನ್ನು ಪರೀಕ್ಷಿಸುವ ಚಿನಿವಾರರಿದ್ದರು. ತಾಮ್ರ ಅಸಲೋ ನಕಲಿಯೋ ಎಂದು ತಿಳಿಯಲು ಉಳಿಯಿಂದ ಹೊಡೆದು ಗುರುತು ಹಾಕುತ್ತಿದ್ದರು. ಆ ಗುರುತು ಇರುವ ಕಾಸು ಸಿಗುವುದೇ ಅಪರೂಪ. ಹೀಗೆ ಹೇಳಿ ಅವನು ಒಂದು ಬೆಲೆ ಹೇಳಿದ. ಆ ಒಂದು ಕಾಸಿಗೆ ಹೇಳಿದ ಬೆಲೆಗೆ ಎರಡು ಕತ್ತೆ ಬರುತ್ತಿದ್ದವು. ಅವುಗಳ ಹಗ್ಗವೂ ಬರುತ್ತಿತ್ತು.

ಬಾವಿ ತೋಡುವವ ತನ್ನ ಹೆಗಲ ಮೇಲಿನ ಹಾರೆಯ ತುದಿಯನ್ನು ನೋಡಿದ. ಹೆಂಡತಿ ಬೀದಿಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳು ಇಡೀ ಮೈಯನ್ನು ತಿರುಗಿಸಿ ಪೆಟ್ಟಿಗೆಯನ್ನು ನೋಡಿದಳು.

“ಅದು ನಮ್ಮ ಕಾಸು” ಎಂದಳು. “ಅದು ಉಳಿಯ ಗುರುತಲ್ಲ. ಇವರ ಹಾರೆಯ ಏಟು. ನೀವೇ ಕಿಲುಬು ಅಂತ ಜರಿದ ಗಂಟಿನಿಂದ ತೆಗೆದದ್ದು.”

ಗಿರಾಕಿ ವರ್ತಕನ ಮುಖ ನೋಡಿದ. ವರ್ತಕ ನಾಚಲಿಲ್ಲ. ಸಿಟ್ಟಿಗೂ ಬರಲಿಲ್ಲ. ನಿಧಾನವಾಗಿ ಪೆಟ್ಟಿಗೆ ಮುಚ್ಚಿದ.

“ಅದು ಬೇರೆ, ತಾಯಿ” ಎಂದ.

ಅಷ್ಟೇ ಹೇಳಿದ. ಹೇಗೆ ಬೇರೆ ಎಂದು ಹೇಳಲಿಲ್ಲ. ಹೇಳುವ ಅಗತ್ಯ ಅವನಿಗೆ ಇರಲಿಲ್ಲ. ಗಿರಾಕಿ, ಇವರ ಕಾಟ ಎಲ್ಲ ಕಡೆಯೂ ಇದ್ದದ್ದೇ ಎನ್ನುವ ಹಾಗೆ ನಕ್ಕು ಉಳಿದ ಚಹಾ ಕುಡಿದ. ಆಮೇಲೆ ವರ್ತಕ ಇವರ ಗಂಟಿಗೆ ಬೆರಳು ಹಾಕಿದ. ಮೂಸಿ ನೋಡಿದ. ಇದು ಹೊಸ ಕಿಲುಬು, ಮಜ್ಜಿಗೆಯ ವಾಸನೆ ಇನ್ನೂ ಹೋಗಿಲ್ಲ ಎಂದ. ಇದು ಮೋಸ, ಪೊಲೀಸರಿಗೆ ತಿಳಿದರೆ ಒಳಗೆ ಹಾಕುತ್ತಾರೆ, ಬಡವರು ಎಂದು ನಾನು ಸುಮ್ಮನಿದ್ದೇನೆ ಎಂದ. ಸುಮ್ಮನಿರುವುದರ ಜೊತೆಗೆ ಉಪಕಾರವನ್ನೂ ಮಾಡಿದ. ಎಲ್ಲವನ್ನೂ ಗುಜರಿ ತಾಮ್ರದ ತೂಕಕ್ಕೆ ಕೊಂಡ.

ಹೆಂಡತಿ ಇನ್ನೂ ಏನೋ ಹೇಳುತ್ತಿದ್ದಳು. ಗಂಡ ಅವಳ ಕೈ ಹಿಡಿದು ಎಳೆದ. ಸುಮ್ಮನಿರು, ದೊಡ್ಡವರ ಮುಂದೆ ಮಾನ ಕಳೆಯಬೇಡ ಎಂದ. ಆ ದುಡ್ಡಿಗೆ ಕತ್ತೆ ಬರಲಿಲ್ಲ. ಒಂದು ಹೊಸ ಬುಟ್ಟಿ ಬಂತು.

ಮೋಸಗಾರ ವರ್ತಕನ ಕತೆ ಇಲ್ಲಿಗೆ ಮುಗಿಯಿತು ಎಂದು ಹುಲುಗಪ್ಪ ತಿಳಿದ. ಅವನ ಮುಷ್ಟಿ ಬಿಗಿದಿತ್ತು. ಗುರು ಕೈಯೆತ್ತಿ ತಡೆದರು. ವರ್ತಕ ವರ್ತಕನ ಕೆಲಸ ಮಾಡಿದ, ನಾನು ಹೇಳಬೇಕಾದದ್ದು ಅವನ ವಿಷಯವಲ್ಲ ಎಂದರು.

ಕೆಲವು ಕಾಲದ ಮೇಲೆ ಬೇರೆ ಊರಿನಲ್ಲಿ ಇನ್ನೊಬ್ಬ ಬಾವಿ ತೋಡುವವನಿಗೆ ಅಂಥದೇ ಮಡಕೆ ಸಿಕ್ಕಿತು. ಅವನೂ ಬಡವ, ಅವನ ಮನೆಯವಳೂ ಬುಟ್ಟಿ ಹೊರುವವಳು. ಕಾಸಿನ ವಿಷಯ ಬಲ್ಲವನು ಎಂದರೆ ನೀನೇ ಎಂದು ಅವನು ನಮ್ಮ ಬಾವಿ ತೋಡುವವನನ್ನು ಹುಡುಕಿಕೊಂಡು ಬಂದ. ಆಗ ಇವನು ಕೆಲಸದ ಜಾಗದಲ್ಲೇ ಇದ್ದ. ಹಾರೆ ಬದಿಗಿಟ್ಟು ಕೈ ಒರೆಸಿಕೊಂಡ. ಕಲ್ಲಿನ ಮೇಲೆ ನೆಟ್ಟಗೆ ಕುಳಿತ. ಬಂದವನನ್ನು ಕೆಳಗೆ ನಿಲ್ಲಿಸಿದ.

ಒಂದು ಕಾಸನ್ನು ಉಗುರಿನಿಂದ ಕೆರೆದ. ಇನ್ನೊಂದನ್ನು ಕಲ್ಲಿನ ಮೇಲೆ ಬೀಳಿಸಿ ಕಿವಿಗೊಟ್ಟ. ಸದ್ದು ಸತ್ತಿದೆ ಎಂದ. ಮೂರು ಗುಡ್ಡೆ ಮಾಡಿದ. ಇದು ನಡೆಯುತ್ತದೆ, ಇದು ಸುಮಾರು, ಇದನ್ನು ಅಂಗಡಿಯ ಕಡೆಗೇ ಒಯ್ಯಬೇಡ, ನಿನ್ನ ಮಾನ ಹೋಗುತ್ತದೆ ಎಂದು ಹೇಳಿಕೊಟ್ಟ. ಬಂದವನು ಅಂಚು ಮುರಿದ ಕಾಸುಗಳನ್ನು ಅಲ್ಲೇ ಬಾವಿಯ ಮಣ್ಣಿಗೆ ಎಸೆದ. ಇವನು ಮೆಚ್ಚಿ ತಲೆಯಾಡಿಸಿದ. ಚೆನ್ನಾಗಿ ತೊಳೆದುಕೊಂಡು ಹೋಗು, ಸಾವುಕಾರ್ರು ಒಳ್ಳೆಯವರು, ತಪ್ಪು ಇರುವುದು ನಮ್ಮ ಕಿಲುಬಿನಲ್ಲಿ ಎಂದ.

ಇವನ ಹೆಂಡತಿ ಆ ಹೊತ್ತಿಗೆ ಹೊಸ ಬುಟ್ಟಿಯಲ್ಲಿ ಮಣ್ಣು ಹೊತ್ತು ಇಳಿಜಾರು ಹತ್ತುತ್ತಿದ್ದಳು. ಮಾತು ಅವಳ ಕಿವಿಗೆ ಬಿತ್ತು. ಅವಳು ನಿಂತಳು. ತಿರುಗಿ ಗಂಡನ ಮುಖ ನೋಡಬೇಕೆನಿಸಿತು. ಕುತ್ತಿಗೆ ತಿರುಗಲಿಲ್ಲ. ತಲೆಯ ಮೇಲೆ ಭಾರವಿದ್ದುದರಿಂದ ಮೈಯನ್ನೂ ತಿರುಗಿಸಲಾಗಲಿಲ್ಲ. ಹತ್ತಿ ಹೋದಳು.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಹುಲುಗಪ್ಪನಿಗೆ ತಡೆಯಲಾಗಲಿಲ್ಲ. ಮೂರು ಸಲ ಬೆಂಕಿಗೆ ಕೈಯಿಟ್ಟು, ಸುಟ್ಟುಕೊಂಡು, ಕೊನೆಗೆ ಬೆಂಕಿಯನ್ನೇ ಹೊಗಳುವವನನ್ನು ಏನೆನ್ನಬೇಕು ಎಂದು ಹರಿಹಾಯ್ದ. ವರ್ತಕನನ್ನಾದರೂ ಕ್ಷಮಿಸಬಹುದು, ಇವನನ್ನು ಕ್ಷಮಿಸಬಾರದು ಎಂದ. ತನ್ನವರ ಕಾಸನ್ನು ತಾನೇ ಕುಳಿತು ಗುಡ್ಡೆ ಮಾಡಿದನಲ್ಲ, ಅವನಂಥ ದಡ್ಡ ಇನ್ನೊಬ್ಬ ಹುಟ್ಟಿರಲಾರ ಎಂದ.

ಗುರು ಅವನು ಹೇಳಿ ಮುಗಿಸುವವರೆಗೆ ಕಾದು ಕೇಳಿದರು:

“ಹುಲುಗಪ್ಪಾ, ನಾಳೆಗೆ ನಿಮ್ಮವ್ವನನ್ನು ಯಾವ ಗುಡ್ಡೆಗೆ ಹಾಕಿದ್ದೀಯ?”